ತಿಂದು ನೋಡಿ ಅಳೆಯುವ ಕೋಶ

ಅಮ್ಮ ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಪುಟ್ಟ ಮಾತ್ರೆ ನುಂಗುತ್ತಾಳೆ. ಡಯಾಬಿಟಿಸ್‌ಗೆ ಕೊಟ್ಟ ಗ್ಲಿಮೆಪಿರೈಡ್, 1 ಮಿಲಿಗ್ರಾಂ. ಒಂದು ಸಲ ಮಾತ್ರೆ ನುಂಗಿದ ಮೇಲೆ ಅವತ್ತು ಸಂಕಷ್ಟಿ ಅನ್ನುವುದು ನೆನಪಾಯಿತು. ತಿಂಡಿ ಬಿಟ್ಟಳು. ಹನ್ನೊಂದರ ಹೊತ್ತಿಗೆ ಕೈ ನಡುಕ, ಕತ್ತಿನ ತುಂಬ ಬೆವರು, ಮಾತು ತಡವರಿಕೆ. ಬೆರಳು ಚುಚ್ಚಿ ನೋಡಿದರೆ ಶುಗರ್ 52. ಒಂದು ಲೋಟ ಸಕ್ಕರೆ ನೀರು ಕುಡಿಸಿದೆವು, ಕಾಲು ಗಂಟೆಯಲ್ಲಿ ಸುಧಾರಿಸಿಕೊಂಡಳು. ಆಮೇಲೆ ಅವಳು ಕೇಳಿದ್ದು ಇದು: "ಅಲ್ಲ ಕಣೋ, ನಾನು ಏನೂ ತಿಂದಿಲ್ಲ ಅನ್ನೋದು ಒಳಗಿರೋದಕ್ಕೆ ಗೊತ್ತಾಗಲ್ವಾ? ಸುಮ್ನೆ ಯಾಕೆ ಇನ್ಸುಲಿನ್ ಬಿಡ್ತಾ ಕೂತಿತ್ತು?"

ಒಳಗಿರುವುದಕ್ಕೆ ಗೊತ್ತಿತ್ತು. ಆದರೆ ಮಾತ್ರೆ ಅದರ ಮಾತು ಕೇಳಲಿಲ್ಲ. ಯಾಕೆ ಅಂತ ಹೇಳಬೇಕಾದರೆ, ಒಳಗಿನ ಕೋಶ ಶುಗರನ್ನು ಹೇಗೆ ಅಳೆಯುತ್ತದೆ ಅನ್ನುವುದರಿಂದಲೇ ಶುರು ಮಾಡಬೇಕು.

ಜಠರದ ಹಿಂದೆ ಒಂದು ಗೇಣಿಗಿಂತ ಚಿಕ್ಕದಾದ ಗ್ರಂಥಿಯೊಂದು ಅಡ್ಡ ಮಲಗಿದೆ. ಮೇದೋಜ್ಜೀರಕ ಗ್ರಂಥಿ. ಡಾಕ್ಟರುಗಳು ಪ್ಯಾಂಕ್ರಿಯಾಸ್ ಅನ್ನುತ್ತಾರೆ. ಅದರ ಬಹುಪಾಲು ಕೆಲಸ ಜೀರ್ಣರಸ ಮಾಡಿ ಕರುಳಿಗೆ ಸುರಿಯುವುದು. 1869ರಲ್ಲಿ ಬರ್ಲಿನ್‌ನಲ್ಲಿ ಓದುತ್ತಿದ್ದ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅಲ್ಲಲ್ಲಿ ಬೇರೆಯದೇ ತರಹದ ಕೋಶಗಳ ಗುಂಪುಗಳು ಕಂಡವು. ಅವು ಏನು ಮಾಡುತ್ತವೆ ಅನ್ನುವುದು ಗೊತ್ತಿಲ್ಲ ಎಂದು ಆತ ಪ್ರಾಮಾಣಿಕವಾಗಿ ಬರೆದಿಟ್ಟ. ಈಗ ಅವನ್ನು ಲ್ಯಾಂಗರ್‌ಹಾನ್ಸ್ ದ್ವೀಪಗಳು ಎಂದೇ ಕರೆಯುತ್ತಾರೆ. ಒಬ್ಬರ ಹೊಟ್ಟೆಯಲ್ಲಿ ಇಂಥವು ಸುಮಾರು 10 ಲಕ್ಷ ಇರುತ್ತವೆ. ಒಂದೊಂದೂ ಚಿರೋಟಿ ರವೆಯ ಕಾಳಿಗಿಂತ ಚಿಕ್ಕದು. ಎಲ್ಲ ಸೇರಿಸಿ ತೂಗಿದರೂ ಒಂದೆರಡು ಗ್ರಾಂ ಅಷ್ಟೇ. ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಇರುವುದು ಇಲ್ಲೇ. ಅವುಗಳ ಪಕ್ಕದಲ್ಲೇ ಆಲ್ಫಾ, ಡೆಲ್ಟಾ ಮುಂತಾದ ನೆರೆಹೊರೆಯವರೂ ಇದ್ದಾರೆ.

ಇವುಗಳ ಕೆಲಸ ಎಷ್ಟು ನಾಜೂಕು ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 90 ಇದೆ ಅಂದರೆ, 100 ಮಿಲಿಲೀಟರ್ ರಕ್ತದಲ್ಲಿ 90 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದರ್ಥ. ಪೂರ್ತಿ ರಕ್ತಕ್ಕೆ ಲೆಕ್ಕ ಹಾಕಿದರೆ ನಾಲ್ಕೂವರೆ ಗ್ರಾಂ. ಅಂದರೆ ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆ. ಮೈ ತುಂಬ ಹರಿದಾಡುವುದು ಅಷ್ಟೇ! ಮಧ್ಯಾಹ್ನ ತಟ್ಟೆ ತುಂಬ ಅನ್ನ ಉಂಡರೆ 60 ಗ್ರಾಂನಷ್ಟು ಪಿಷ್ಟ ಒಳಗೆ ಹೋಗುತ್ತದೆ. ಅದು ಕರಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಹನ್ನೆರಡು ಹದಿಮೂರು ಚಮಚ ಬಂದು ಸೇರಿದರೂ, ಆರೋಗ್ಯವಂತರಲ್ಲಿ ಆ ಒಂದು ಚಮಚ ಎರಡು ಚಮಚ ಆಗುವುದೂ ಅಪರೂಪ. ಬಂದದ್ದನ್ನು ಬಂದ ಹಾಗೆ ಸ್ನಾಯು, ಲಿವರ್, ಕೊಬ್ಬಿನ ಕೋಶಗಳಿಗೆ ಸಾಗಿಸಲು ಇನ್ಸುಲಿನ್ ಬೇಕು. ಕಡಿಮೆ ಬಿಟ್ಟರೆ ಶುಗರ್ ಏರುತ್ತದೆ. ಜಾಸ್ತಿ ಬಿಟ್ಟರೆ ಅಮ್ಮನಿಗೆ ಆದದ್ದೇ ಆಗುತ್ತದೆ.

ಹಾಗಾದರೆ ಬೀಟಾ ಕೋಶಕ್ಕೆ ರಕ್ತದಲ್ಲಿ ಎಷ್ಟು ಗ್ಲೂಕೋಸ್ ಇದೆ ಅಂತ ತಿಳಿಯುವುದು ಹೇಗೆ? ನಾಲಿಗೆಯ ಹಾಗೆ ಮೈಮೇಲೆ ಸಿಹಿ ಗುರುತಿಸುವ ಸಾಧನ ಇಟ್ಟುಕೊಂಡಿರಬೇಕು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅದು ಮಾಡುವುದು ಇನ್ನೂ ಸರಳ. ಅದು ಗ್ಲೂಕೋಸನ್ನು ತಿನ್ನುತ್ತದೆ. ತಿಂದಾಗ ತನಗೆ ಎಷ್ಟು ಶಕ್ತಿ ಬಂತು ಅನ್ನುವುದೇ ಅದರ ಅಳತೆ. ಸಾರಿಗೆ ಉಪ್ಪು ಹದವಾಗಿದೆಯಾ ಅಂತ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡುತ್ತೇವಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಇದು ನೆಕ್ಕಿ ಬಿಡುವುದಿಲ್ಲ, ಜೀರ್ಣಿಸಿಕೊಂಡು ನೋಡುತ್ತದೆ.

ಇದಕ್ಕೆ ಒಂದು ಚಂದದ ಸಾಕ್ಷಿ ಇದೆ. ಬೆಣ್ಣೆಹಣ್ಣಿನಲ್ಲಿ ಮ್ಯಾನೋಹೆಪ್ಟುಲೋಸ್ ಎಂಬ ವಿಚಿತ್ರ ಸಕ್ಕರೆ ಇದೆ. ಕೋಶದೊಳಗೆ ಗ್ಲೂಕೋಸ್ ಒಡೆಯುವ ಮೊದಲ ಹೆಜ್ಜೆಯನ್ನೇ ಅದು ತಡೆಯುತ್ತದೆ. ಪ್ರಯೋಗಾಲಯದಲ್ಲಿ ಬೀಟಾ ಕೋಶಗಳಿಗೆ ಇದನ್ನು ಕೊಟ್ಟರೆ, ಸುತ್ತ ಗ್ಲೂಕೋಸ್ ತುಂಬಿ ತುಳುಕುತ್ತಿದ್ದರೂ ಅವು ಇನ್ಸುಲಿನ್ ಬಿಡುವುದಿಲ್ಲ. ಗ್ಲೂಕೋಸ್ ಇದ್ದರೆ ಸಾಲದು, ಉರಿಯಬೇಕು. (ಇದು ಪ್ರಯೋಗಾಲಯದ ಮಾತು. ಬೆಣ್ಣೆಹಣ್ಣಿನ ಜ್ಯೂಸ್ ಕುಡಿಯಲು ಯಾರೂ ಹೆದರಬೇಕಿಲ್ಲ.)

ಆ ಮೊದಲ ಹೆಜ್ಜೆಯಲ್ಲೇ ಅಳತೆಯ ಗುಟ್ಟು ಇರುವುದು. ಬೀಟಾ ಕೋಶದ ಬಾಗಿಲು ಗ್ಲೂಕೋಸಿಗೆ ಸದಾ ತೆರೆದಿರುತ್ತದೆ. ರಕ್ತದಲ್ಲಿ ಏರಿದರೆ ಒಳಗೂ ಏರುತ್ತದೆ. ಒಳಗೆ ಬಂದ ಗ್ಲೂಕೋಸನ್ನು ಮೊದಲು ಹಿಡಿಯುವುದು ಗ್ಲುಕೋಕೈನೇಸ್ ಎಂಬ ಕಿಣ್ವ. ಬೇರೆ ಹೆಚ್ಚಿನ ಕೋಶಗಳಲ್ಲಿ ಈ ಕೆಲಸ ಮಾಡುವ ಕಿಣ್ವಗಳು ತುಂಬ ಹಸಿದವು. ಚೂರೇ ಚೂರು ಗ್ಲೂಕೋಸ್ ಇದ್ದರೂ ಪೂರ್ತಿ ವೇಗದಲ್ಲಿ ಓಡುತ್ತವೆ. ಎರಡು ಸೇರು ರಾಗಿ ತಂದರೂ ಹತ್ತು ಮೂಟೆ ತಂದರೂ ಒಂದೇ ವೇಗದಲ್ಲಿ ಬೀಸುವ ಹಿಟ್ಟಿನ ಗಿರಣಿ ಇದ್ದ ಹಾಗೆ. ಅಂಥ ಗಿರಣಿಯ ಸದ್ದು ಕೇಳಿ ಹೊರಗೆ ಎಷ್ಟು ಮೂಟೆ ಬಿದ್ದಿದೆ ಅಂತ ಹೇಳಲು ಆಗುವುದಿಲ್ಲ ಅಲ್ವಾ? ಗ್ಲುಕೋಕೈನೇಸ್ ಹಾಗಲ್ಲ. ಗ್ಲೂಕೋಸ್ 140ರ ಆಸುಪಾಸು ಬಂದಾಗ ಅದು ಅರ್ಧ ವೇಗದಲ್ಲಿರುತ್ತದೆ. 70 ಇದ್ದಾಗ ನಿಧಾನ, 200 ಇದ್ದಾಗ ಜೋರು. ನಮ್ಮ ಶುಗರ್ ಓಡಾಡುವ ವ್ಯಾಪ್ತಿಯಲ್ಲೇ ಅದರ ವೇಗ ಏರಿಳಿಯುತ್ತದೆ. ಅದಕ್ಕೇ ಇದನ್ನು ಬೀಟಾ ಕೋಶದ ಗ್ಲೂಕೋಸ್ ಮಾಪಕ ಅನ್ನುವುದು.

ಈ ಮಾಪಕ ಹುಟ್ಟಿನಿಂದಲೇ ಸ್ವಲ್ಪ ಮಂದವಾಗಿರುವ ಜನರಿದ್ದಾರೆ. ಗ್ಲುಕೋಕೈನೇಸ್ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುತ್ತದೆ. ಅವರ ಖಾಲಿ ಹೊಟ್ಟೆಯ ಶುಗರ್ ಸದಾ 100ರಿಂದ 145ರ ನಡುವೆ. ಹತ್ತು ವರ್ಷದಲ್ಲೂ ಅಷ್ಟೇ, ಐವತ್ತರಲ್ಲೂ ಹೆಚ್ಚುಕಡಿಮೆ ಅಷ್ಟೇ. ಇಸ್ತ್ರಿ ಪೆಟ್ಟಿಗೆಯ ತಿರುಗಣೆಯನ್ನು ಯಾರೋ ಒಂದು ಗೆರೆ ಮೇಲಕ್ಕೆ ತಿರುಗಿಸಿಟ್ಟ ಹಾಗೆ. ಉಳಿದ ಯಂತ್ರವೆಲ್ಲ ಸರಿ ಇರುವುದರಿಂದ ಇಂಥವರಿಗೆ ಸಾಮಾನ್ಯವಾಗಿ ಮಾತ್ರೆಯೇ ಬೇಕಾಗುವುದಿಲ್ಲ. ಒಂದೇ ಒಂದು ಕಿಣ್ವ ಒಂದು ಇಡೀ ದೇಹದ ಶುಗರ್ ಮಟ್ಟ ತೀರ್ಮಾನಿಸುತ್ತದೆ ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಸರಿ, ಗ್ಲೂಕೋಸ್ ಉರಿಯಿತು. ಮುಂದೆ? ಉರಿದಾಗ ಎಟಿಪಿ ಎಂಬ ಅಣು ತಯಾರಾಗುತ್ತದೆ. ಕೋಶದೊಳಗಿನ ಎಲ್ಲ ಕೆಲಸಕ್ಕೂ ಚಲಾವಣೆಯಾಗುವ ಶಕ್ತಿಯ ನಾಣ್ಯ ಅದು. ಬೀಟಾ ಕೋಶದ ಗೋಡೆಯಲ್ಲಿ ಈ ಎಟಿಪಿಯನ್ನು ಗಮನಿಸುತ್ತಾ ಕೂತಿರುವ ಒಂದು ಗೇಟು ಇದೆ. ಇಡೀ ಕಥೆಯ ಕೀಲಿ ಅದು.

ಆ ಗೇಟು ಪೊಟ್ಯಾಸಿಯಂನದು. ಎಂಟು ತುಂಡು ಪ್ರೋಟೀನು ಸೇರಿ ಆಗಿದೆ. ನಡುವೆ ನಾಲ್ಕು ತುಂಡು ಸೇರಿ ಕೊಳವೆ, ಸುತ್ತ ನಾಲ್ಕು ತುಂಡು ಕಾವಲು. ಹೊಟ್ಟೆ ಖಾಲಿ ಇದ್ದಾಗ, ಎಟಿಪಿ ಕಡಿಮೆ ಇದ್ದಾಗ, ಈ ಗೇಟುಗಳು ತೆರೆದಿರುತ್ತವೆ. ಪೊಟ್ಯಾಸಿಯಂ ಹೊರಗೆ ಸೋರುತ್ತಿರುತ್ತದೆ. ಪೊಟ್ಯಾಸಿಯಂ ಧನ ವಿದ್ಯುತ್ ಹೊತ್ತಿರುವುದರಿಂದ ಅದು ಹೊರಗೆ ಹೋದಷ್ಟೂ ಒಳಗೆ ಋಣ ಉಳಿಯುತ್ತದೆ. ಹೀಗೆ ಕೋಶದ ಒಳಗು ಹೊರಗಿಗಿಂತ 70 ಮಿಲಿವೋಲ್ಟ್‌ನಷ್ಟು ಕೆಳಗಿರುತ್ತದೆ. ಆಗ ಕೋಶ ಸುಮ್ಮನೆ ಇರುತ್ತದೆ.

ಊಟ ಆಯಿತು. ಗ್ಲೂಕೋಸ್ ಉರಿದು ಎಟಿಪಿ ಏರಿತು. ಎಟಿಪಿ ಬಂದು ಗೇಟಿಗೆ ಅಂಟಿಕೊಳ್ಳುತ್ತದೆ. ಗೇಟು ಮುಚ್ಚುತ್ತದೆ. ನೆಂಟರು ಬಂದಾಗ ಬಾಗಿಲು ಹಾಕಿಕೊಂಡ ಹಾಗಾಯಿತಲ್ಲ ಅನ್ನಿಸಬಹುದು. ಆದರೆ ಇಲ್ಲಿ ಕೆಲಸ ಶುರುವಾಗುವುದೇ ಬಾಗಿಲು ಹಾಕುವುದರಿಂದ. ಸೋರಿಕೆ ನಿಂತಿತು, ಪೊಟ್ಯಾಸಿಯಂ ಒಳಗೇ ಉಳಿಯಿತು, ಒಳಗಿನ ವೋಲ್ಟೇಜ್ ಮೇಲೇರಿತು. ಒಂದು ಮಟ್ಟ ದಾಟಿದ ಕೂಡಲೇ ಬೇರೊಂದು ಬಗೆಯ ಗೇಟುಗಳು ಪಟಪಟ ತೆರೆಯುತ್ತವೆ. ಅವು ಕ್ಯಾಲ್ಸಿಯಂನವು. ಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ. ತೂಬು ಎತ್ತಿದರೆ ಕೆರೆ ನೀರು ನುಗ್ಗುವ ಹಾಗೆ ನುಗ್ಗುತ್ತದೆ. ಆ ಕ್ಯಾಲ್ಸಿಯಂ ತಗುಲಿದ ಕೂಡಲೇ ಗೋಡೆಯ ಪಕ್ಕ ಸಿದ್ಧವಾಗಿದ್ದ ಇನ್ಸುಲಿನ್ ಪೊಟ್ಟಣಗಳು ಗೋಡೆಗೆ ಬೆಸೆದು ಹೊರಕ್ಕೆ ಬಾಯಿ ತೆರೆಯುತ್ತವೆ.

ನರಕೋಶಗಳು ಸುದ್ದಿ ಕಳಿಸುವುದೂ ಹೆಚ್ಚುಕಡಿಮೆ ಹೀಗೆಯೇ. ಹೊಟ್ಟೆಯಲ್ಲಿ ಕೂತ ಈ ಕೋಶವೂ ವಿದ್ಯುತ್ತಿನಲ್ಲೇ ಮಾತಾಡುತ್ತದೆ. ಎಟಿಪಿಗೆ ಮುಚ್ಚುವ ಈ ಗೇಟು ಬೀಟಾ ಕೋಶದಲ್ಲಿದೆ ಅನ್ನುವುದು ಗೊತ್ತಾದದ್ದು 1984ರಲ್ಲಿ. ಆ ವರ್ಷ ಎರಡು ಗುಂಪುಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿದವು. ಆಕ್ಸ್‌ಫರ್ಡಿನ ಫ್ರಾನ್ಸಸ್ ಆಶ್‌ಕ್ರಾಫ್ಟ್ ಅವರಲ್ಲಿ ಒಬ್ಬರು. ಅವರ ಹೆಸರು ಮುಂದೆ ಮತ್ತೆ ಬರುತ್ತದೆ.

ಪೊಟ್ಟಣದ ಒಳಗನ್ನೂ ಒಂದು ಸಲ ಇಣುಕಿ ನೋಡೋಣ. ಒಂದು ಬೀಟಾ ಕೋಶದಲ್ಲಿ ಇಂಥ ಪೊಟ್ಟಣಗಳು ಸುಮಾರು 10,000. ಒಳಗೆ ಇನ್ಸುಲಿನ್ ಹರಳುಗಟ್ಟಿ ಕೂತಿರುತ್ತದೆ. ಎರಡು ಸತುವಿನ ಪರಮಾಣುಗಳ ಸುತ್ತ ಆರು ಇನ್ಸುಲಿನ್ ಅಣು ಸೇರಿ ಒಂದು ಕಟ್ಟು. ಈ ಕಟ್ಟಿನ ಆಕಾರವನ್ನು ಡೊರೊಥಿ ಹಾಡ್ಜ್‌ಕಿನ್ ಅವರ ಆಕ್ಸ್‌ಫರ್ಡ್ ತಂಡ 1969ರಲ್ಲಿ ಬಿಡಿಸಿತು. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ದಶಕಗಳ ಕಾಲ ಪ್ರೋಟೀನುಗಳ ಆಕಾರ ಹುಡುಕುತ್ತಲೇ ಇದ್ದರು. ಇನ್ಸುಲಿನ್ ಮೊದಲು ಉದ್ದದ ಒಂದೇ ದಾರವಾಗಿ ತಯಾರಾಗುತ್ತದೆ. ಪೊಟ್ಟಣದೊಳಗೆ ಕಿಣ್ವಗಳು ನಡುವಿನ ತುಂಡನ್ನು ಕತ್ತರಿಸಿ ತೆಗೆಯುತ್ತವೆ. ಆ ತುಂಡೇ ಸಿ-ಪೆಪ್ಟೈಡ್. ಕತ್ತರಿಸಿದ ಮೇಲೂ ಅದು ಅದೇ ಪೊಟ್ಟಣದಲ್ಲಿ ಉಳಿದು ಇನ್ಸುಲಿನ್ ಜೊತೆಗೇ ರಕ್ತಕ್ಕೆ ಬರುತ್ತದೆ. ಇಂಜೆಕ್ಷನ್ನಿನ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಹಾಗಾಗಿ ಒಬ್ಬರ ಮೈ ತಾನಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅಂತ ತಿಳಿಯಬೇಕಾದರೆ ಲ್ಯಾಬಿನಲ್ಲಿ ಸಿ-ಪೆಪ್ಟೈಡ್ ನೋಡುತ್ತಾರೆ.

ಹತ್ತು ಸಾವಿರ ಪೊಟ್ಟಣ ಇದ್ದರೂ ಎಲ್ಲವೂ ಒಟ್ಟಿಗೆ ಹೊರಡುವುದಿಲ್ಲ. ಬಸ್ಸಿನಲ್ಲಿ ಸ್ಟಾಪ್ ಬರುವ ಮುಂಚೆಯೇ ಚೀಲ ಹಿಡಿದು ಬಾಗಿಲ ಹತ್ತಿರ ನಿಂತಿರುತ್ತಾರಲ್ಲ ಕೆಲವರು, ಅವರು ಮೊದಲು ಇಳಿಯುತ್ತಾರೆ. ಉಳಿದವರು ಎದ್ದು, ಸಾಮಾನು ಇಳಿಸಿಕೊಂಡು, ಜಾಗ ಮಾಡಿಕೊಂಡು ಬರಬೇಕು. ಇನ್ಸುಲಿನ್ ಕೂಡ ಎರಡು ಕಂತಿನಲ್ಲಿ ಬರುತ್ತದೆ. ಗ್ಲೂಕೋಸ್ ತಟ್ಟನೆ ಏರಿದಾಗ ಮೊದಲ ಹತ್ತು ನಿಮಿಷದೊಳಗೆ ಒಂದು ಜೋರು ಅಲೆ. ಆಮೇಲೆ ಗ್ಲೂಕೋಸ್ ಇಳಿಯುವ ತನಕ ನಿಧಾನಕ್ಕೆ ಹರಿವು. ಟೈಪ್ 2 ಡಯಾಬಿಟಿಸ್ ಬರುವಾಗ ಮೊದಲು ಮಂಕಾಗುವುದು ಆ ಮೊದಲ ಅಲೆ. ಖಾಲಿ ಹೊಟ್ಟೆಯ ರಿಪೋರ್ಟ್ ಚೆನ್ನಾಗಿದ್ದೂ ಊಟದ ನಂತರದ್ದು ಏರಿರುವುದಕ್ಕೆ ಇದೊಂದು ಕಾರಣ. "ಫಾಸ್ಟಿಂಗ್ ನಾರ್ಮಲ್ ಇದೆ ಬಿಡಿ" ಅಂತ ಹೋಳಿಗೆಗೆ ಕೈ ಹಾಕುವ ನೆಂಟರು ನಮ್ಮಲ್ಲೂ ಇದ್ದಾರೆ, ಅದಕ್ಕೆ ಹೇಳಿದೆ.

ಇಷ್ಟು ಹೊತ್ತು ಹೇಳಿದ್ದು ರಕ್ತದಲ್ಲಿನ ಗ್ಲೂಕೋಸಿನ ಮಾತು. ಆದರೆ ಬೀಟಾ ಕೋಶ ಊಟದ ಸುದ್ದಿಯನ್ನು ಕರುಳಿನಿಂದಲೂ ಕೇಳುತ್ತದೆ. 1960ರ ದಶಕದಲ್ಲಿ ಇದು ಬೆಳಕಿಗೆ ಬಂದ ರೀತಿ ಬಹಳ ಸರಳ. ಒಂದೇ ಮಟ್ಟಕ್ಕೆ ಶುಗರ್ ಏರುವ ಹಾಗೆ ಗ್ಲೂಕೋಸನ್ನು ಒಂದು ಸಲ ರಕ್ತನಾಳಕ್ಕೆ ಹಾಕಿದರು, ಇನ್ನೊಂದು ಸಲ ಬಾಯಿಗೆ ಕೊಟ್ಟರು. ಬಾಯಿಗೆ ಕೊಟ್ಟಾಗ ಇನ್ಸುಲಿನ್ ತುಂಬ ಜಾಸ್ತಿ ಬಂತು. ಅಂದರೆ ದಾರಿಯಲ್ಲಿ ಕರುಳು ಏನೋ ಹೇಳಿ ಕಳಿಸಿದೆ. ಹೇಳಿದ್ದು ಎರಡು ಹಾರ್ಮೋನುಗಳು, ಜಿಐಪಿ ಮತ್ತು ಜಿಎಲ್‌ಪಿ-1. ಇವು ಬೀಟಾ ಕೋಶಕ್ಕೆ "ಸಾಕಷ್ಟು ಬರುತ್ತಿದೆ, ಗಟ್ಟಿಯಾಗಿ ಕೆಲಸ ಮಾಡು" ಅನ್ನುತ್ತವೆ. ಆದರೆ ಕೆಲಸ ಶುರು ಮಾಡಿಸುವುದು ಇವಲ್ಲ. ಗ್ಲೂಕೋಸ್ ಮೊದಲು ಗೇಟು ಮುಚ್ಚಿಸಿ ಕ್ಯಾಲ್ಸಿಯಂ ಒಳಗೆ ಬಿಟ್ಟಿರಬೇಕು. ಇವು ಅದರ ಮೇಲೆ ವಾಲ್ಯೂಮ್ ಏರಿಸುತ್ತವೆ, ಅಷ್ಟೇ. ರಕ್ತದಲ್ಲಿ ಗ್ಲೂಕೋಸ್ ಕಡಿಮೆ ಇದ್ದರೆ ಏರಿಸಲು ಸದ್ದೇ ಇರುವುದಿಲ್ಲ.

ಜಿಎಲ್‌ಪಿ-1 ರಕ್ತದಲ್ಲಿ ಒಂದೆರಡು ನಿಮಿಷಕ್ಕೇ ಒಡೆದುಹೋಗುತ್ತದೆ, ಔಷಧಿ ಮಾಡಲು ಬಾರದು. 1992ರಲ್ಲಿ ಅಮೆರಿಕದ ಜಾನ್ ಎಂಗ್, ಗಿಲಾ ಮಾನ್‌ಸ್ಟರ್ ಎಂಬ ಮರುಭೂಮಿಯ ವಿಷಹಲ್ಲಿಯ ವಿಷದಲ್ಲಿ ಅದರ ಕೆಲಸ ಮಾಡುವ, ಆದರೆ ಬೇಗ ಒಡೆಯದ ಒಂದು ಪೆಪ್ಟೈಡನ್ನು, ಅಂದರೆ ಪುಟ್ಟ ಪ್ರೋಟೀನನ್ನು, ವರದಿ ಮಾಡಿದರು. ಅದರಿಂದ ಬಂದ ಔಷಧಿಗೆ ಅಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ತೂಕ ಇಳಿಸಲು ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಇದೇ ಮನೆತನದ್ದು.

ತಡೆಯುವ ಕೈಗಳೂ ಇವೆ. ಪಕ್ಕದ ಡೆಲ್ಟಾ ಕೋಶ ಸೊಮ್ಯಾಟೋಸ್ಟಾಟಿನ್ ಎಂಬ ಹಾರ್ಮೋನು ಬಿಟ್ಟು ಬೀಟಾವನ್ನು ಹದಕ್ಕೆ ತರುತ್ತದೆ. ಹೆದರಿದಾಗ, ಓಡಿದಾಗ ಬರುವ ಅಡ್ರಿನಾಲಿನ್ ಇನ್ಸುಲಿನ್ನಿಗೆ ಕಡಿವಾಣ ಹಾಕುತ್ತದೆ. ನಾಯಿ ಅಟ್ಟಿಸಿಕೊಂಡು ಬರುವಾಗ ಶುಗರ್ ಇಳಿದರೆ ಕಷ್ಟ ತಾನೆ.

ಓಡುವುದರ ಬಗ್ಗೆ ಇನ್ನೊಂದು ಮಾತು, ನನಗೆ ಬಹಳ ಇಷ್ಟವಾದದ್ದು. ಜೋರಾಗಿ ಓಡಿದಾಗ ಸ್ನಾಯುಗಳು ರಕ್ತಕ್ಕೆ ಲ್ಯಾಕ್ಟೇಟ್, ಪೈರುವೇಟ್ ಬಿಡುತ್ತವೆ. ಇವೂ ಉರಿಯುವ ಸೌದೆಯೇ. ತಿಂದು ಅಳೆಯುವ ಕೋಶ ಇವನ್ನು ತಿಂದರೆ? ಎಟಿಪಿ ಏರುತ್ತದೆ, ಗೇಟು ಮುಚ್ಚುತ್ತದೆ, ಓಡುತ್ತಿರುವವನಿಗೆ ಇನ್ಸುಲಿನ್ ಬಂದು ತಲೆ ಸುತ್ತಿ ಬೀಳುತ್ತಾನೆ. ಅದಕ್ಕೇ ಬೀಟಾ ಕೋಶ ಇವನ್ನು ಒಳಗೆ ತರುವ ಸಾಗಣೆ ಪ್ರೋಟೀನಿನ ಜೀನನ್ನೇ ಮುಚ್ಚಿಟ್ಟಿರುತ್ತದೆ. ಮೈಯ ಎಷ್ಟೋ ಕೋಶಗಳಲ್ಲಿ ಕೆಲಸ ಮಾಡುವ ಜೀನು ಇಲ್ಲಿ ಮಾತ್ರ ಬಂದ್. ಅಪರೂಪಕ್ಕೆ ಕೆಲವು ಕುಟುಂಬಗಳಲ್ಲಿ ಆ ಬೀಗ ಸಡಿಲವಾಗಿರುತ್ತದೆ. ಅವರಿಗೆ ವ್ಯಾಯಾಮ ಮಾಡಿದರೆ ನಿಜಕ್ಕೂ ಶುಗರ್ ಕುಸಿಯುತ್ತದೆ.

ಈಗ ಅಮ್ಮನ ಮಾತ್ರೆಗೆ ಬರೋಣ. 1942ರಲ್ಲಿ, ಯುದ್ಧದ ನಡುವೆ, ಫ್ರಾನ್ಸಿನ ಮಾಂಟ್‌ಪೆಲಿಯೆ ಊರಿನಲ್ಲಿ ಮಾರ್ಸೆಲ್ ಜಾನ್‌ಬೋನ್ ಎಂಬ ವೈದ್ಯರು ಟೈಫಾಯ್ಡ್ ರೋಗಿಗಳಿಗೆ ಒಂದು ಹೊಸ ಸಲ್ಫಾ ಔಷಧಿ ಕೊಡುತ್ತಿದ್ದರು. ಕೆಲವರಿಗೆ ಶುಗರ್ ವಿಪರೀತ ಇಳಿಯಿತು. ಅದೇ ಊರಿನ ಆಗುಸ್ಟ್ ಲೂಬತಿಯೇರ್ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಮೇದೋಜ್ಜೀರಕ ಗ್ರಂಥಿ ಇದ್ದರೆ ಮಾತ್ರ ಔಷಧಿ ಹೀಗೆ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಸಲ್ಫೋನಿಲ್‌ಯೂರಿಯಾ ಮಾತ್ರೆಗಳು ಬಂದದ್ದು ಹೀಗೆ. ಅಮ್ಮನ ಗ್ಲಿಮೆಪಿರೈಡ್ ಕೂಡ ಇದೇ ಗುಂಪಿನದು. ಅವು ಎಲ್ಲಿ ಹೋಗಿ ಕೂರುತ್ತವೆ ಅನ್ನುವುದು ತಿಳಿಯಲು ಮತ್ತೆ ದಶಕಗಳೇ ಬೇಕಾದವು. ಕೂರುವುದು ಅದೇ ಪೊಟ್ಯಾಸಿಯಂ ಗೇಟಿನ ಕಾವಲು ತುಂಡಿನ ಮೇಲೆ. ಕೂತು ಗೇಟು ಮುಚ್ಚುತ್ತವೆ. ಎಟಿಪಿ ಏರಿದೆಯೋ ಇಲ್ಲವೋ, ಊಟ ಆಗಿದೆಯೋ ಇಲ್ಲವೋ, ಕೇಳುವುದಿಲ್ಲ.

ಸಂಕಷ್ಟಿಯ ದಿನ ಆದದ್ದು ಇದೇ. ಅಮ್ಮನ ಬೀಟಾ ಕೋಶಗಳಲ್ಲಿ ಗ್ಲೂಕೋಸ್ ಕಡಿಮೆ ಇತ್ತು, ಎಟಿಪಿ ಕಡಿಮೆ ಇತ್ತು, ಗೇಟು ತೆರೆದೇ ಇರಬೇಕಿತ್ತು. ಮಾತ್ರೆ ಅದನ್ನು ಕೇಳದೆಯೇ ಮುಚ್ಚಿತ್ತು. ವೋಲ್ಟೇಜ್ ಏರಿತು, ಕ್ಯಾಲ್ಸಿಯಂ ನುಗ್ಗಿತು, ಇನ್ಸುಲಿನ್ ಹೊರಟಿತು. ಕೋಶಕ್ಕೆ ಗೊತ್ತಿತ್ತು, ಆದರೆ ಹೇಳುವ ದಾರಿ ಅದರ ಕೈಯಲ್ಲಿರಲಿಲ್ಲ. ಹಾಗಂತ ಮಾತ್ರೆ ಕೆಟ್ಟದ್ದಲ್ಲ. ಕಡಿಮೆ ಬೆಲೆಗೆ ಸಿಗುವ, ಎಷ್ಟೋ ಮನೆಗಳಲ್ಲಿ ದಿನಾ ಕೆಲಸ ಮಾಡುತ್ತಿರುವ ಔಷಧಿ ಅದು. ಅದನ್ನು ನುಂಗಿದ ಮೇಲೆ ಊಟ ತಪ್ಪಿಸಬಾರದು, ಅಷ್ಟೇ. ಉಪವಾಸದ ದಿನ ಏನು ಮಾಡಬೇಕು ಅಂತ ಮೊದಲೇ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಬೇಕಿತ್ತು. ನಾವು ಕೇಳಿರಲಿಲ್ಲ.

ಎಟಿಪಿಯ ಮಾತು ಕೇಳದೆ ಗೇಟು ಮುಚ್ಚುವ ಈ ಗುಣವೇ ಕೆಲವು ಮಕ್ಕಳ ಪಾಲಿಗೆ ವರವಾಯಿತು. ಹುಟ್ಟಿ ಆರು ತಿಂಗಳೊಳಗೆ ಡಯಾಬಿಟಿಸ್ ಬರುವ ಮಕ್ಕಳಿದ್ದಾರೆ. ಅಪರೂಪ, ಆದರೆ ಇದ್ದಾರೆ. ಮೊದಲು ಇದನ್ನು ಟೈಪ್ 1 ಅಂದುಕೊಳ್ಳುತ್ತಿದ್ದರು. ಟೈಪ್ 1ರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ, ಹಾಗಾಗಿ ಇಂಜೆಕ್ಷನ್ ಬಿಟ್ಟರೆ ಬೇರೆ ದಾರಿ ಇಲ್ಲ. 2004ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಹ್ಯಾಟರ್ಸ್‌ಲಿ ಮತ್ತು ಜೊತೆಗಾರರು, ಅದೇ ಫ್ರಾನ್ಸಸ್ ಆಶ್‌ಕ್ರಾಫ್ಟ್ ಕೂಡ ಸೇರಿ, ಇಂಥ ಕೆಲವು ಮಕ್ಕಳ ಜೀನು ನೋಡಿದರು. ಬೀಟಾ ಕೋಶಗಳು ಬದುಕಿಯೇ ಇದ್ದವು. ಒಳಗೆ ಇನ್ಸುಲಿನ್ ಕೂಡ ಇತ್ತು. ಕೆಟ್ಟಿದ್ದದ್ದು ಗೇಟಿನ ಕೊಳವೆ ತುಂಡು. ಎಟಿಪಿ ಬಂದು ಎಷ್ಟು ತಳ್ಳಿದರೂ ಗೇಟು ಮುಚ್ಚುತ್ತಿರಲಿಲ್ಲ. ಮಗು ಹಾಲು ಕುಡಿದರೂ ಕೋಶ ಸುಮ್ಮನೆ ಕೂತಿತ್ತು.

ಎಟಿಪಿಗೆ ಮುಚ್ಚದ ಗೇಟನ್ನು ಸಲ್ಫೋನಿಲ್‌ಯೂರಿಯಾ ಮುಚ್ಚಬಹುದಲ್ಲ? 2006ರಲ್ಲಿ ಫಲಿತಾಂಶ ಬಂತು. ಮಾತ್ರೆ ಕೊಟ್ಟು ನೋಡಿದ ಇಂಥ ರೋಗಿಗಳಲ್ಲಿ ಹೆಚ್ಚಿನವರು ಇನ್ಸುಲಿನ್ ಇಂಜೆಕ್ಷನ್ ಬಿಟ್ಟು ಬರೀ ಮಾತ್ರೆಯಲ್ಲೇ ಇರಲು ಸಾಧ್ಯವಾಯಿತು. ಶುಗರ್ ಮುಂಚಿಗಿಂತ ಚೆನ್ನಾಗಿ ಹಿಡಿತಕ್ಕೆ ಬಂತು. ಇವತ್ತು ಆರು ತಿಂಗಳೊಳಗಿನ ಮಗುವಿಗೆ ಡಯಾಬಿಟಿಸ್ ಕಂಡರೆ ಜೀನ್ ಪರೀಕ್ಷೆ ಮಾಡಿಸಬೇಕು ಅನ್ನುವುದು ಅದಕ್ಕೇ.

ಇದನ್ನೆಲ್ಲ ಅಮ್ಮನಿಗೆ ಒಂದು ಸಂಜೆ ಅವರೆಕಾಯಿ ಬಿಡಿಸುತ್ತಾ ಹೇಳಿದೆ. ಗ್ಲುಕೋಕೈನೇಸ್, ಎಟಿಪಿ ಯಾವುದೂ ಅವಳಿಗೆ ಬೇಕಾಗಲಿಲ್ಲ. ಮಗುವಿನ ಕಥೆಯನ್ನು ಮಾತ್ರ ಎರಡು ಸಲ ಹೇಳಿಸಿದಳು. ಈಗ ಅವಳ ಮಾತ್ರೆ ಡಬ್ಬಿ ದೇವರ ಮನೆಯ ಗೂಡಿನಿಂದ ಅಡುಗೆ ಮನೆಗೆ ಬಂದಿದೆ, ದೋಸೆ ಹಂಚಿನ ಪಕ್ಕದ ಕಟ್ಟೆಗೆ. ಹಂಚು ಕಾದು ಮೊದಲ ದೋಸೆ ಹುಯ್ದ ಮೇಲೆಯೇ ಮುಚ್ಚಳ ತೆಗೆಯುತ್ತಾಳೆ.